ಸೀಟು ಸಿಕ್ತು, ಆಮೇಲೆ? ವಿಕಲಚೇತನ ಮಕ್ಕಳ ಶಾಲೆ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲದ ವಿಷಯ ವಿಕಲಚೇತನ ಮಕ್ಕಳ ಓದು ಅಂತ ಹೇಳಿದ್ದೇ ತಡ, ಪತ್ರ, ಮೇಲ್, ವಾಟ್ಸ್‌ಆ್ಯಪ್ ಎಲ್ಲಾ ಕಡೆಯಿಂದ ಪ್ರಶ್ನೆ ಬಂದ್ವು. ಒಂದೇ ಥರ ಇದ್ದಿದ್ದನ್ನ ಒಟ್ಟು ಸೇರಿಸಿದೀನಿ. ಮಕ್ಕಳ ಗುರುತು ಸಿಗಬಾರದು ಅಂತ ಯಾರ ಹೆಸರೂ ಊರೂ ಹಾಕಿಲ್ಲ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನನ್ನ ಮಗನಿಗೆ 7 ವರ್ಷ, ಆಟಿಸಂ ಇದೆ. ಮಾತು ಕಮ್ಮಿ, ಆದ್ರೆ ಓದ್ತಾನೆ, ಲೆಕ್ಕ ಮಾಡ್ತಾನೆ. ಮನೆ ಹತ್ರದ ಸ್ಕೂಲಲ್ಲಿ "ನಮ್ಮಲ್ಲಿ ಇಂಥ ಮಕ್ಕಳಿಗೆ ಫೆಸಿಲಿಟಿ ಇಲ್ಲ, ಸ್ಪೆಷಲ್ ಸ್ಕೂಲಿಗೆ ಹಾಕಿ, ಅವನಿಗೇ ಒಳ್ಳೇದು" ಅಂದ್ರು. ಏನು ಹೇಳಬೇಕೋ ಗೊತ್ತಾಗದೆ ಎದ್ದು ಬಂದೆ. ಅವ್ರು ಹಾಗೆ ಹೇಳಬಹುದಾ?

ಉತ್ತರ: ಬಾಯಲ್ಲಿ ಹೇಳ್ತಾರೆ, ಬರ್ದು ಕೊಡಿ ಅಂದ್ರೆ ಕೊಡಲ್ಲ, ಅದರಲ್ಲೇ ನಿಮ್ಮ ಅರ್ಧ ಉತ್ತರ ಇದೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆ ಮಾತ್ರ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆನೂ ಭೇದ ಮಾಡದೆ ಇಂಥ ಮಕ್ಕಳನ್ನ ಸೇರಿಸ್ಕೋಬೇಕು, ಸೇರಿಸ್ಕೊಂಡು ಆ ಮಗುಗೆ ಬೇಕಾದ ಹೊಂದಾಣಿಕೆ, ಅಂದ್ರೆ ಅದು ಎಲ್ಲರ ಜೊತೆ ಕಲಿಯೋಕೆ ಬೇಕಾದ ಬದಲಾವಣೆ, ಮಾಡಿಕೊಡಬೇಕು. 1995ರ ಹಳೇ ಕಾಯ್ದೆಲಿ 7 ಬಗೆಯ ವೈಕಲ್ಯ ಇತ್ತು, ಹೊಸದ್ರಲ್ಲಿ 21 ಇದೆ, ಆಟಿಸಂ ಅದರಲ್ಲಿ ಹೆಸರು ಹಿಡಿದೇ ಇದೆ. ಇನ್ನೂ ಒಂದು, 31ನೇ ಸೆಕ್ಷನ್ ನೋಡಿ, ವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿದೆ ಅಂತ ಸರ್ಟಿಫಿಕೇಟ್ ಇರೋ 6ರಿಂದ 18 ವರ್ಷದ ಮಗುಗೆ ನೆರೆಹೊರೆಯ ಶಾಲೆನೋ ಸ್ಪೆಷಲ್ ಸ್ಕೂಲೋ, ತನ್ನ ಆಯ್ಕೆ ಪ್ರಕಾರ ಉಚಿತ ಶಿಕ್ಷಣದ ಹಕ್ಕಿದೆ. ಆಯ್ಕೆ ಮಗೂದು, ಮನೆಯವ್ರದ್ದು. ಹೆಡ್‌ಮಿಸ್‌ದಲ್ಲ. ಜೊತೆಗೆ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿ ವಿಕಲಚೇತನ ಮಕ್ಕಳನ್ನೂ ಅವಕಾಶವಂಚಿತ ವರ್ಗಕ್ಕೆ ಸೇರಿಸಿದ್ರು, ಅದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ.

ಇದು ನಮ್ಮಲ್ಲಿ ಮಾತ್ರ ಹುಟ್ಟಿದ ಐಡಿಯಾನೂ ಅಲ್ಲ. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರದವ್ರು ಕೂತು, ಸಾಮಾನ್ಯ ಶಾಲೆಗಳೇ ಎಲ್ಲಾ ಮಕ್ಕಳಿಗೂ ತೆರೆದಿರಬೇಕು ಅಂತ ಘೋಷಣೆ ಮಾಡಿದ್ರು, 2006ರಲ್ಲಿ ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಒಪ್ಪಂದ ಬಂತು, ಅದರ 24ನೇ ಕಲಮು ಪೂರ್ತಿ ಶಿಕ್ಷಣದ ಬಗ್ಗೆನೇ, ಭಾರತ 2007ರಲ್ಲೇ ಅದನ್ನ ಒಪ್ಕೊಂಡಿದೆ.

ಆದ್ರೆ ನೀವು ಮತ್ತೆ ಆ ಆಫೀಸ್ ರೂಮಿಗೆ ಹೋದಾಗ ಮೊದಲೇ ಸೆಕ್ಷನ್ ನಂಬರ್ ಹೇಳೋಕೆ ಹೋಗ್ಬೇಡಿ, ಅದು ಕೈಯಲ್ಲಿರಲಿ. ಮೊದಲು ಕೇಳಬೇಕಾಗಿದ್ದು, "ಯಾವ ಫೆಸಿಲಿಟಿ ಇಲ್ಲ ಮೇಡಂ, ಹೇಳಿ?" ಅಂತ. ಸುಮ್ನೆ ಕೇಳಿ, ಕೇಳಿ ಕಾಯಿರಿ. ಹೆಚ್ಚಿನ ಸಲ ಅವ್ರ ಹತ್ರ ಲಿಸ್ಟೇ ಇರಲ್ಲ, ಒಂದು ಭಯ ಇರುತ್ತೆ ಅಷ್ಟೇ, ಕಿರುಚ್ತಾನೇನೋ, ಓಡಿಹೋಗ್ತಾನೇನೋ, ಬೇರೆ ಪೇರೆಂಟ್ಸ್ ಏನಂತಾರೋ ಅಂತ. ಆ ಭಯ ಹೊರಗೆ ಬಂದ್ರೆ ಅದಕ್ಕೆ ಉತ್ತರ ಕೊಡಬಹುದು. ಬೆಲ್ ಸದ್ದಿಗೆ ಕಿವಿ ಮುಚ್ಕೊಳ್ತಾನೆ ಅಂದ್ರೆ ಬೆಲ್ ಇರೋ ಕಡೆಯಿಂದ ದೂರದ ಬೆಂಚು, ಕಿವಿಗೆ ಹಾಕೋ ಸದ್ದು ತಡೆಯೋ ಹೆಡ್‌ಫೋನು. ಒಂದು ಪೀರಿಯಡ್ ಮುಗಿದು ಇನ್ನೊಂದು ಶುರುವಾಗೋವಾಗ ಗಾಬರಿ ಆಗ್ತಾನೆ ಅಂದ್ರೆ ದಿನದ ಟೈಮ್‌ಟೇಬಲ್ ಚಿತ್ರದಲ್ಲಿ ಬರ್ದು ಡೆಸ್ಕಿಗೆ ಅಂಟಿಸೋದು, ಮುಂದೆ ಏನು ಬರುತ್ತೆ ಅಂತ ಕಾಣ್ತಾ ಇದ್ರೆ ಅರ್ಧ ಗಾಬರಿ ಅಲ್ಲೇ ಕಮ್ಮಿ ಆಗುತ್ತೆ. ಮಾತಲ್ಲಿ ಕೇಳೋಕಾಗಲ್ಲ ಅಂದ್ರೆ "ಬ್ರೇಕ್ ಬೇಕು", "ನೀರು ಬೇಕು", "ಅರ್ಥ ಆಗ್ಲಿಲ್ಲ" ಅನ್ನೋ ಕಾರ್ಡು. ಇದಕ್ಕೆಲ್ಲ ಬಿಲ್ಡಿಂಗ್ ಕಟ್ಟಬೇಕಾಗಿಲ್ಲ.

ಹೋಗೋ ಮುಂಚೆ ಒಂದೇ ಒಂದು ಪೇಜು ಬರ್ಕೊಳಿ. ಅವನು ಚೆನ್ನಾಗಿ ಮಾಡೋದು ಏನು, ಕಷ್ಟ ಎಲ್ಲಿ, ಆ ಕಷ್ಟಕ್ಕೆ ಮನೇಲಿ ಏನು ಮಾಡಿದ್ರೆ ಸರಿಹೋಗುತ್ತೆ. ಡಾಕ್ಟರ್ ರಿಪೋರ್ಟ್ ಹದಿನೈದು ಪೇಜು ಯಾರೂ ಓದಲ್ಲ, ಇದನ್ನ ಓದ್ತಾರೆ. ಜೊತೆಗೆ ಯಾರಾದ್ರೂ ಒಬ್ಬರನ್ನ ಕರ್ಕೊಂಡು ಹೋಗಿ, ಅವ್ರ ಕೆಲಸ ಮಾತಾಡೋದಲ್ಲ, ನೋಟ್ಸ್ ಬರ್ಕೊಳೋದು. ಸಾಯಂಕಾಲ ಸ್ಕೂಲಿಗೆ ಒಂದು ಮೇಲ್ ಹಾಕಿ, ಇವತ್ತು ನಾವು ಮಾತಾಡಿದ್ದು ಇದು, ನೀವು ಹೇಳಿದ್ದು ಇದು, ತಪ್ಪಿದ್ರೆ ತಿಳಿಸಿ ಅಂತ. ಬಾಯಿಮಾತು ದಾಖಲೆ ಆಗೋದು ಹೀಗೆ. ಅಷ್ಟಕ್ಕೂ ಬಗ್ಗಲಿಲ್ಲ ಅಂದ್ರೆ ಅಪ್ಲಿಕೇಶನ್ ಕೊಟ್ಟು, ಸ್ವೀಕೃತಿ ತಗೊಂಡು, ತಿರಸ್ಕಾರಕ್ಕೆ ಕಾರಣ ಲಿಖಿತದಲ್ಲಿ ಕೇಳಿ, ಶಿಕ್ಷಣ ಇಲಾಖೆಗೆ ಬರೀರಿ, ಅಲ್ಲೂ ಆಗ್ಲಿಲ್ಲ ಅಂದ್ರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಿ, 2016ರ ಕಾಯ್ದೆ ಅವ್ರಿಗೆ ಸಾಕ್ಷಿಗಳನ್ನ ಕರೆಸೋದು, ದಾಖಲೆ ತರಿಸೋದು ಇಂಥ ಸಿವಿಲ್ ಕೋರ್ಟಿನ ಅಧಿಕಾರಗಳನ್ನ ಕೊಟ್ಟಿದೆ, ಇದಕ್ಕೆ ವಕೀಲರೇ ಬೇಕು ಅಂತಿಲ್ಲ.

ಒಂದು ಮಾತು ನೇರವಾಗಿ ಹೇಳ್ತೀನಿ, ಜಗಳ ಮಾಡಿ ಸೀಟು ತಗೊಂಡ ಮೇಲೆ ಆ ಕ್ಲಾಸಲ್ಲಿ ದಿನಾ ಕೂರೋದು ನೀವಲ್ಲ, ಮಗ. ಹಾಗಂತ ಬಿಟ್ಟುಬಿಡಿ ಅಂತಲ್ಲ. ಆ ಸ್ಕೂಲಲ್ಲಿ ಒಬ್ಬ ಟೀಚರ್ ಆದ್ರೂ ಇವನ ಕಡೆ ಇದಾರಾ ನೋಡ್ಕೊಳಿ. ಒಬ್ಬರಿದ್ರೆ ಅಲ್ಲೇ ನಿಂತು ಹೋರಾಡಿ.

ಪ್ರಶ್ನೆ: ಮಗಳಿಗೆ ಸೀಟು ಕೊಟ್ಟಿದಾರೆ, ಆದ್ರೆ ನಾವೇ ಸಂಬಳ ಕೊಟ್ಟು ಶ್ಯಾಡೋ ಟೀಚರ್ (ಕ್ಲಾಸಲ್ಲಿ ಅವಳ ಪಕ್ಕದಲ್ಲೇ ಇದ್ದು ನೋಡ್ಕೊಳೋ ಸಹಾಯಕಿ) ಇಡಬೇಕಂತೆ, ಅವ್ರು ರಜ ಹಾಕಿದ್ರೆ ಮಗಳನ್ನೂ ಕಳಿಸಬೇಡಿ ಅಂತಾರೆ. ಇದು ಸರೀನಾ?

ಉತ್ತರ: ಸರಿ ಅಲ್ಲ. ಹೊಂದಾಣಿಕೆ ಮಾಡೋ ಜವಾಬ್ದಾರಿ ಸಂಸ್ಥೆದು ಅಂತ ಕಾನೂನು ಹೇಳುತ್ತೆ, ಅದನ್ನ ಅಪ್ಪ ಅಮ್ಮನ ಜೇಬಿಗೆ ತಳ್ಳೋದು, ಮೇಲೆ ಸಹಾಯಕಿ ಬರದ ದಿನ ಮಗೂನ ಮನೇಲಿ ಕೂರಿಸೋದು ಅಂದ್ರೆ ಆ ಮಗುಗೆ ಕೊಟ್ಟಿರೋ ಸೀಟು ಷರತ್ತಿನ ಸೀಟು. ಬೇರೆ ಮಕ್ಕಳ ಟೀಚರ್ ರಜ ಹಾಕಿದ್ರೆ ಅವ್ರನ್ನ ಮನೆಗೆ ಕಳಿಸ್ತಾರಾ?

ದುಡ್ಡಿನ ವಿಷಯ ಪಕ್ಕಕ್ಕಿಟ್ರೂ ನನಗೆ ಇದರಲ್ಲಿ ಇನ್ನೊಂದು ತಕರಾರಿದೆ. 1997ರಲ್ಲಿ ಅಮೆರಿಕದಲ್ಲಿ ಮೈಕೆಲ್ ಜಿಯಾಂಗ್ರೆಕೊ ಅನ್ನೋರು ಮತ್ತೆ ಅವ್ರ ಜೊತೆಯವ್ರು ಕ್ಲಾಸ್‌ರೂಮುಗಳಲ್ಲಿ ಕೂತು ನೋಡಿ ಬರೆದಿದ್ದಾರೆ, ಮಗೂಗೆ ಯಾವಾಗ್ಲೂ ಅಂಟ್ಕೊಂಡಿರೋ ಸಹಾಯಕರು ಇದ್ರೆ ಏನಾಗುತ್ತೆ ಅಂತ. ಕ್ಲಾಸ್ ಟೀಚರ್ "ಅವಳನ್ನ ಅವ್ರು ನೋಡ್ಕೊಳ್ತಾರೆ" ಅಂತ ಕೈ ಬಿಡ್ತಾರೆ, ಮಕ್ಕಳು ಹತ್ರ ಬರಲ್ಲ, ಮಗು ಪ್ರತಿಯೊಂದಕ್ಕೂ ಪಕ್ಕದಲ್ಲಿರೋ ದೊಡ್ಡವ್ರ ಮುಖ ನೋಡೋಕೆ ಶುರು ಮಾಡುತ್ತೆ. ಇಂಗ್ಲೆಂಡಲ್ಲೂ 2009ರಲ್ಲಿ ಒಂದು ದೊಡ್ಡ ಅಧ್ಯಯನ ಹೊರಬಂತು, ಸಹಾಯಕರ ಜೊತೆ ಹೆಚ್ಚು ಹೊತ್ತು ಇದ್ದ ಮಕ್ಕಳು ಅದೇ ಮಟ್ಟದ ಬೇರೆ ಮಕ್ಕಳಿಗಿಂತ ಕಮ್ಮಿ ಮುಂದುವರಿದಿದ್ರು. ಸಹಾಯಕರು ಕೆಟ್ಟೋರು ಅಂತಲ್ಲ. ಅವ್ರಿಗೆ ಟ್ರೇನಿಂಗ್ ಇಲ್ಲ, ಪಾಠ ಮುಂಚೆ ಗೊತ್ತಿಲ್ಲ, ಟೀಚರ್ ಜೊತೆ ಕೂತು ಪ್ಲಾನ್ ಮಾಡೋಕೆ ಟೈಮಿಲ್ಲ, ಅತೀ ಕಷ್ಟದ ಮಗೂನ ಅತೀ ಕಮ್ಮಿ ತರಬೇತಿ ಇರೋರ ಕೈಗೆ ಕೊಟ್ಟು ಕೂತಿದೀವಿ.

ಹಾಗಾಗಿ ಸ್ಕೂಲಲ್ಲಿ ಕೇಳಿ, ಯಾವ ಕೆಲಸಕ್ಕೆ ಜನ ಬೇಕು? ಟಾಯ್ಲೆಟ್ಟಿಗಾ, ಬರೆಯೋಕಾ, ಗಲಾಟೆ ಆದಾಗ ಹೊರಗೆ ಕರ್ಕೊಂಡು ಹೋಗೋಕಾ? ದಿನದಲ್ಲಿ ಯಾವ ಯಾವ ಹೊತ್ತಿಗೆ? ಬರ್ಕೊಂಡು ನೋಡಿದ್ರೆ ಇಡೀ ದಿನ ಬೇಡ ಅಂತ ಗೊತ್ತಾಗಬಹುದು. ಬೇಕೇ ಬೇಕು ಅಂದ್ರೆ ಆ ವ್ಯಕ್ತಿ ಇಡೀ ಕ್ಲಾಸಿಗೆ ಸಹಾಯಕರಾಗಿ ಇರಲಿ, ನಡುವೆ ನಡುವೆ ದೂರ ಹೋಗಿ ನಿಲ್ಲಲಿ, ಎಷ್ಟು ತಿಂಗಳಲ್ಲಿ ಯಾವ ಯಾವ ಕೆಲಸದಿಂದ ಕೈ ತೆಗೀತಾರೆ ಅಂತ ಮೊದಲೇ ಬರೆದಿಡಲಿ. ಇಟಲಿಲಿ 1977ರಲ್ಲೇ ಒಂದು ಕಾನೂನು ಮಾಡಿ ಪ್ರತ್ಯೇಕ ತರಗತಿಗಳನ್ನ ತೆಗೆದುಹಾಕಿದ್ರು, ಅಲ್ಲಿ ಸಹಾಯಕ ಟೀಚರ್ ಲೆಕ್ಕಕ್ಕೆ ಇಡೀ ತರಗತಿಯ ಟೀಚರ್ರೇ. ಅಲ್ಲೂ ಎಲ್ಲ ಸರಿಯಾಗಿ ನಡೀತಿದೆ ಅಂತ ಹೇಳ್ತಿಲ್ಲ, ಆದ್ರೆ ಯೋಚನೆ ಸರಿ ಇದೆ.

ಪ್ರಶ್ನೆ: ನಾನು ಟೀಚರ್. ಕ್ಲಾಸಲ್ಲಿ 45 ಮಕ್ಕಳು, ಅದರಲ್ಲಿ ಕಣ್ಣು ಸರಿಯಾಗಿ ಕಾಣದ ಹುಡುಗ, ಡೌನ್ ಸಿಂಡ್ರೋಮ್ ಇರೋ ಹುಡುಗಿ, ಓದೋಕೆ ಒದ್ದಾಡೋ ಇಬ್ಬರು. ನನಗೆ ಸ್ಪೆಷಲ್ ಟ್ರೇನಿಂಗ್ ಆಗಿಲ್ಲ. ಸಮನ್ವಯ ಶಿಕ್ಷಣ, ಎಲ್ಲಾ ಮಕ್ಕಳೂ ಒಂದೇ ಕ್ಲಾಸಲ್ಲಿ ಕಲೀಬೇಕು ಅಂತ ಭಾಷಣ ಮಾಡೋರು ಒಂದು ದಿನ ನನ್ನ ಕ್ಲಾಸಿಗೆ ಬಂದು ಪಾಠ ಮಾಡ್ಲಿ ನೋಡೋಣ.

ಉತ್ತರ: ಸಿಟ್ಟು ನ್ಯಾಯವಾಗಿದೆ ಮೇಡಂ, ಅದನ್ನ ಹಾಗೇ ಇಟ್ಕೊಳಿ, ಮೇಲಿನವ್ರಿಗೆ ಬರೆಯೋಕೆ ಬೇಕಾಗುತ್ತೆ. 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಲ್ಲಿ ಪ್ರೈಮರಿಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಸ್ಪೆಷಲ್ ಎಜುಕೇಟರ್ (ಇಂಥ ಮಕ್ಕಳಿಗೆ ಕಲಿಸೋ ತರಬೇತಿ ಇರೋ ಟೀಚರ್) ಬೇಕು ಅನ್ನೋ ಅನುಪಾತವನ್ನೇ ಎತ್ತಿಹಿಡಿದಿದೆ. ಆ ಜನ ಎಲ್ಲಿ ಅಂತ ನೀವು ಕೇಳೋದು ತಪ್ಪಲ್ಲ, ಅಪ್ಪ ಅಮ್ಮಂದಿರ ಜೊತೆ ಸೇರ್ಕೊಂಡು ಕೇಳಿ, ಟೀಚರ್ರೂ ಪೇರೆಂಟ್ಸೂ ಒಂದೇ ಪತ್ರಕ್ಕೆ ಸೈನ್ ಹಾಕಿದ್ರೆ ಆಫೀಸಲ್ಲಿ ಅದಕ್ಕೆ ಬೇರೆ ತೂಕ.

ಆದ್ರೆ ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಹೋಗೋದು ನೀವೇ ತಾನೆ, ಅದಕ್ಕೆ ಈ ಕೆಲವು. ಬೋರ್ಡ್ ಮೇಲೆ ಬರೆಯೋದನ್ನೆಲ್ಲ ಬರೀತಾ ಬಾಯಲ್ಲೂ ಹೇಳಿ, "ಇದನ್ನ ಇಲ್ಲಿಗೆ ತಗೊಂಡು ಬಂದ್ರೆ" ಅಂತ ಬೆರಳು ತೋರಿಸಿದ್ರೆ ಕಾಣದ ಹುಡುಗನಿಗೆ ಆ ಪಾಠ ಅಲ್ಲೇ ಮುಗೀತು, "3ನ್ನ ಎಡಗಡೆಗೆ ತಂದ್ರೆ" ಅನ್ನಿ. ಅವನಿಗೆ ಎಲ್ಲಿ ಕೂತ್ರೆ ಚೆನ್ನಾಗಿ ಕಾಣುತ್ತೆ ಅಂತ ಅವನನ್ನೇ ಕೇಳಿ, ಎಲ್ಲರೂ ಫಸ್ಟ್ ಬೆಂಚು ಅಂತ ಕೂರಿಸಿಬಿಡ್ತಾರೆ, ಕೆಲವರಿಗೆ ಕಿಟಕಿ ಬೆಳಕು ಕಣ್ಣಿಗೆ ಹೊಡೆದು ಏನೂ ಕಾಣಲ್ಲ, ಕೆಲವರಿಗೆ ಒಂದು ಪಕ್ಕದಿಂದ ಮಾತ್ರ ಕಾಣುತ್ತೆ. ಡೌನ್ ಸಿಂಡ್ರೋಮ್ ಇರೋ ಬಹಳ ಮಕ್ಕಳಿಗೆ ಕಿವಿ ಕೇಳೋದ್ರಲ್ಲೂ ತೊಂದರೆ ಇರುತ್ತೆ, ಕೇಳಿದ್ದನ್ನ ತಲೇಲಿ ಹಿಡಿದಿಟ್ಕೊಳೋದು ಕಷ್ಟ, ಕಣ್ಣಲ್ಲಿ ನೋಡಿದ್ದು ಚೆನ್ನಾಗಿ ಉಳಿಯುತ್ತೆ, ಅದಕ್ಕೆ ಅವಳಿಗೆ "ಬುಕ್ ತೆಗಿ, ಪೇಜು 32, ಎರಡನೇ ಲೆಕ್ಕ ಮಾಡು, ಆಮೇಲೆ ತಂದು ತೋರಿಸು" ಅಂತ ಒಂದೇ ಉಸಿರಲ್ಲಿ ಹೇಳಿದ್ರೆ ಬುಕ್ ತೆಗೆದು ಕೂತಿರ್ತಾಳೆ, ಹಠ ಅಂತ ಬೈಬೇಡಿ. ಒಂದೊಂದಾಗಿ ಹೇಳಿ, ತೋರಿಸಿ ಹೇಳಿ. ಅವಳು ಓದೋದನ್ನ ಕಲಿಯಲ್ಲ ಅಂತ ಮೊದಲೇ ತೀರ್ಮಾನ ಮಾಡ್ಬೇಡಿ, ಚಿತ್ರ ಮತ್ತೆ ಇಡೀ ಪದ ಜೋಡಿಸಿ ಶುರು ಮಾಡಿದ್ರೆ ಎಷ್ಟೋ ಮಕ್ಕಳು ಓದ್ತಾರೆ.

ಓದೋಕೆ ಒದ್ದಾಡೋ ಆ ಇಬ್ಬರನ್ನ ಎಬ್ಬಿಸಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸೋದನ್ನ ಇವತ್ತೇ ನಿಲ್ಲಿಸಿ. ಅದರಿಂದ ಓದು ಬರಲ್ಲ, ಹೊಟ್ಟೆನೋವು ಬರುತ್ತೆ, ಸ್ಕೂಲಿಗೆ ಹೋಗಲ್ಲ ಅಂತ ಹಠ ಬರುತ್ತೆ. ಸಮಾಜ ವಿಜ್ಞಾನದ ಉತ್ತರದಲ್ಲಿ ಸ್ಪೆಲಿಂಗ್ ತಪ್ಪಿಗೆ ಮಾರ್ಕ್ಸ್ ಕಟ್ ಮಾಡ್ಬೇಡಿ, ವಿಷಯ ಗೊತ್ತಿದೆಯಾ ನೋಡಿ, ಬಾಯಲ್ಲಿ ಹೇಳಿಸಿ.

ಇನ್ನೊಂದು, ಇದಕ್ಕೆ ಕಾಸೂ ಬೇಡ ಟ್ರೇನಿಂಗೂ ಬೇಡ. ಪ್ರಶ್ನೆ ಕೇಳಿದ ಮೇಲೆ ಸುಮ್ನಿರಿ. 1970ರ ದಶಕದಲ್ಲಿ ಮೇರಿ ಬಡ್ ರೋ ಅನ್ನೋ ಸಂಶೋಧಕಿ ಟೀಚರ್‌ಗಳ ಪಾಠ ರೆಕಾರ್ಡ್ ಮಾಡಿ ನೋಡಿದ್ರೆ, ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡಷ್ಟೇ ಕಾದು ಮುಂದಿನವ್ರಿಗೆ ಹೋಗಿಬಿಡ್ತಿದ್ರು. ಅದನ್ನ 3 ಸೆಕೆಂಡ್ ಮಾಡಿದಾಗ ಉತ್ತರಗಳು ಉದ್ದ ಆದ್ವು, ಸುಮ್ನಿರೋ ಮಕ್ಕಳೂ ಬಾಯಿ ಬಿಟ್ರು. ನಿಮ್ಮ 45 ಜನಕ್ಕೂ ಅದು ಲಾಭನೇ. ಈ ಥರದ ಕೆಲಸಗಳ ಗುಣನೇ ಅದು, ಒಬ್ಬರಿಗೆ ಅಂತ ಮಾಡಿದ್ದು ಹಿಂದಿನ ಬೆಂಚಿನ ಹತ್ತು ಜನಕ್ಕೆ ತಲುಪಿರುತ್ತೆ, ಅವ್ರಿಗೆ ಯಾವ ಸರ್ಟಿಫಿಕೇಟೂ ಇರಲ್ಲ.

ನಾಲ್ಕೂ ಮಕ್ಕಳಿಗೂ ಒಟ್ಟಿಗೆ ಶುರು ಮಾಡೋಕೆ ಹೋಗ್ಬೇಡಿ, ಸುಸ್ತಾಗಿ ಬಿಟ್ಟುಬಿಡ್ತೀರ. ಒಂದು ತಿಂಗಳು ಒಂದು ಮಗು, ಒಂದು ಬದಲಾವಣೆ, ಏನಾಯ್ತು ಅಂತ ಡೈರಿಲಿ ಎರಡು ಲೈನು.

ಪ್ರಶ್ನೆ: ಹೇಳೋಕೆ ಮುಜುಗರ. ನನ್ನ ಮಗಳ ಕ್ಲಾಸಲ್ಲಿ ಒಬ್ಬ ಹುಡುಗ ಇದಾನೆ, ಇದ್ದಕ್ಕಿದ್ದಂಗೆ ಕಿರುಚ್ತಾನೆ, ಒಂದು ಸಲ ನನ್ನ ಮಗಳಿಗೂ ಹೊಡೆದಿದಾನೆ, ಟೀಚರ್ ಟೈಮೆಲ್ಲ ಅವನಿಗೇ ಹೋಗುತ್ತಂತೆ. ಎಲ್ಲಾ ಪೇರೆಂಟ್ಸ್ ಸೇರಿ ಅವನನ್ನ ತೆಗೀರಿ ಅಂತ ಬರೀತಿದಾರೆ, ನನ್ನ ಸೈನೂ ಕೇಳ್ತಿದಾರೆ. ನನ್ನ ಮಗಳ ಓದು ಹಾಳಾದ್ರೆ?

ಉತ್ತರ: ಸೈನ್ ಹಾಕ್ಬೇಡಿ. ಹಾಕೋ ಮನಸ್ಸಿದ್ದಿದ್ರೆ ನೀವು ನನಗೆ ಬರೀತಾನೂ ಇರ್ಲಿಲ್ಲ.

ನಿಮ್ಮ ಮಗಳ ಓದಿನ ಭಯ ಸುಳ್ಳು ಅಂತ ಹೇಳಲ್ಲ. ಈ ಬಗ್ಗೆ 2007ರಲ್ಲಿ ಇಂಗ್ಲೆಂಡಿನ ಸಂಶೋಧಕರು 26 ಅಧ್ಯಯನ ಒಟ್ಟಿಗಿಟ್ಟು ನೋಡಿದ್ರು, ವಿಕಲಚೇತನ ಮಕ್ಕಳ ಜೊತೆ ಓದೋ ಬೇರೆ ಮಕ್ಕಳ ಮೇಲೆ ಆದ ಪರಿಣಾಮಗಳಲ್ಲಿ 81 ಪರ್ಸೆಂಟ್ ಒಂದೋ ಒಳ್ಳೇದು, ಇಲ್ಲಾಂದ್ರೆ ಏನೂ ವ್ಯತ್ಯಾಸ ಇಲ್ಲ ಅಂತ ಬಂತು. ಹಾಗಾದ್ರೆ ಉಳಿದಿದ್ದು? ಅಲ್ಲಿ ತೊಂದರೆ ಆಗಿದೆ, ಅದನ್ನ ಮುಚ್ಚಿಡೋದು ಬೇಡ. ಸಹಾಯಕ್ಕೆ ಜನ ಕೊಡದೆ ಟೀಚರ್ ತಲೆ ಮೇಲೆ ಎಲ್ಲಾ ಹಾಕಿದ್ರೆ ಯಾವ ಕ್ಲಾಸೂ ಸರಿ ನಡೆಯಲ್ಲ. ನಿಮ್ಮ ದೂರು ಸರಿ, ವಿಳಾಸ ತಪ್ಪು. ಪತ್ರ ಆ ಹುಡುಗನ ಮೇಲೆ ಬರೆಯೋ ಬದಲು ಮ್ಯಾನೇಜ್‌ಮೆಂಟಿಗೆ ಬರೀರಿ, ಈ ಕ್ಲಾಸಿಗೆ ಇನ್ನೊಬ್ಬ ಟೀಚರ್ ಕೊಡಿ, ಅವನು ಕಿರುಚೋಕೆ ಮುಂಚೆ ಏನಾಗಿತ್ತು ಅಂತ ಬರೆದಿಡಿ ಅಂತ. ಮಾತು ಬರದ ಮಗುಗೆ ಕಿರುಚೋದೇ ಮಾತು, ಎರಡು ವಾರ ಹೊತ್ತು, ಜಾಗ, ಮುಂಚೆ ನಡೆದಿದ್ದು ಮೂರನ್ನೂ ಬರೆದಿಟ್ರೆ ಒಂದು ಕಾರಣ ಎದ್ದು ಕಾಣುತ್ತೆ, ಫ್ಯಾನ್ ಸದ್ದು, ಸಾಲಲ್ಲಿ ಹಿಂದಿನವ್ರು ತಳ್ಳೋದು, ಹಲ್ಲುನೋವು ಕೂಡ ಇರಬಹುದು. ನಿಮ್ಮ ಮಗಳಿಗೆ ಏಟು ಬಿದ್ದಿದ್ದು ಸಣ್ಣ ವಿಷಯ ಅಲ್ಲ, ಮತ್ತೆ ಆಗದ ಹಾಗೆ ಏನು ಮಾಡ್ತೀರಿ ಅಂತ ಕೇಳೋ ಹಕ್ಕು ನಿಮಗಿದೆ. ಆ ಹುಡುಗನ ತಾಯಿ ಹತ್ರ ಒಂದ್ಸಲ ಮಾತಾಡಿ, ಪೇರೆಂಟ್ಸಲ್ಲಿ ಅವ್ರ ಹತ್ರ ಯಾರೂ ಮಾತಾಡಿರಲ್ಲ.

ಪ್ರಶ್ನೆ: ಎಕ್ಸಾಮಲ್ಲಿ ಸ್ಕ್ರೈಬ್ (ಮಗು ಹೇಳಿದ್ದನ್ನ ಬರೆಯೋರು), ಎಕ್ಸ್‌ಟ್ರಾ ಟೈಮ್ ಕೊಡೋದು ಬೇರೆ ಮಕ್ಕಳಿಗೆ ಅನ್ಯಾಯ ಅಲ್ವಾ?

ಉತ್ತರ: ಅಲ್ಲ. ಪರೀಕ್ಷೆ ಇರೋದು ಇತಿಹಾಸಕ್ಕೋ ಕೈಬರಹದ ಸ್ಪೀಡಿಗೋ? ಕೈ ಓಡದ ಮಗು ಬೇರೆಯವ್ರ ಕೈಲಿ ಬರೆಸಿದ್ರೆ ಉತ್ತರ ತಲೆಯಿಂದನೇ ಬರಬೇಕು. ನಮ್ಮಲ್ಲಿ 2018ರ ಕೇಂದ್ರದ ಮಾರ್ಗಸೂಚಿಲಿ ಲಿಖಿತ ಪರೀಕ್ಷೆಗೆ ಗಂಟೆಗೆ 20 ನಿಮಿಷಕ್ಕೆ ಕಮ್ಮಿ ಇಲ್ಲದ ಹಾಗೆ ಹೆಚ್ಚಿನ ಟೈಮು ಅಂತ ಹೇಳಿದ್ರು, 2021ರ ವಿಕಾಸ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟು 40 ಪರ್ಸೆಂಟ್ ಸರ್ಟಿಫಿಕೇಟ್ ಇಲ್ಲದೆ ಬರೆಯೋ ತೊಂದರೆ ಇರೋರಿಗೂ ಸ್ಕ್ರೈಬ್ ಕೊಡಬೇಕು ಅಂತ ಹೇಳ್ತು. ಪೇರೆಂಟ್ಸಿಗೆ ಒಂದು ಕಿವಿಮಾತು, ಸ್ಕ್ರೈಬ್ ಜೊತೆ ಬರೆಯೋದು ಬೇರೇನೇ ವಿದ್ಯೆ, ಹೇಳಿ ಬರೆಸೋದು ಅಭ್ಯಾಸ ಇಲ್ಲದ ಮಗು ಪಬ್ಲಿಕ್ ಎಕ್ಸಾಮ್ ದಿನ ಮೊದಲ ಸಲ ಕೂತ್ರೆ ಒದ್ದಾಡುತ್ತೆ, ಯೂನಿಟ್ ಟೆಸ್ಟಿಂದಲೇ ಶುರು ಮಾಡಿಸಿ.

ಪ್ರಶ್ನೆ: ಮಗಳು ಹುಟ್ಟಿನಿಂದ ಕಿವುಡಿ, 6 ವರ್ಷ. ರೆಗ್ಯುಲರ್ ಸ್ಕೂಲೇ ಒಳ್ಳೇದು, ಕಿವುಡರ ಸ್ಕೂಲಿಗೆ ಹಾಕಿದ್ರೆ ಹಿಂದೆ ಬೀಳ್ತಾಳೆ, ಸೈನ್ ಲಾಂಗ್ವೇಜ್ ಕಲಿಸಿದ್ರೆ ಮಾತೇ ಬರಲ್ಲ ಅಂತ ನೆಂಟರೆಲ್ಲ ಹೇಳ್ತಾರೆ. ನೀವೂ ಎಲ್ಲರ ಜೊತೆ ಓದಬೇಕು ಅನ್ನೋರು, ಏನಂತೀರಿ?

ಉತ್ತರ: ಎಲ್ಲರ ಜೊತೆ ಕೂತು ಏನೂ ಅರ್ಥ ಆಗದೆ ಬರೋದಾದ್ರೆ ಬೇಡ ಅಂತೀನಿ. ಕೇಳದ ಮಗೂನ ಭಾಷೆ ಕೊಡದೆ ಅರವತ್ತು ಮಕ್ಕಳ ನಡುವೆ ಕೂರಿಸಿ, ಟೀಚರ್ ತುಟಿ ನೋಡ್ಕೋ ಅಂದ್ರೆ ಅದು ಸಮನ್ವಯ ಅಲ್ಲ, ಒಂಟಿತನ. ತುಟಿ ಓದೋದು ಅಷ್ಟು ಸುಲಭ ಇಲ್ಲ, ಪ, ಬ, ಮ ಮೂರೂ ತುಟಿ ಮೇಲೆ ಒಂದೇ ಥರ ಕಾಣುತ್ತೆ, ಕನ್ನಡಿ ಮುಂದೆ ನಿಂತು "ಪಾಪ, ಬಾಬಾ, ಮಾಮ" ಅಂತ ಹೇಳಿ ನೋಡಿ.

ಸೈನ್ ಕಲಿತ್ರೆ ಮಾತು ಬರಲ್ಲ ಅನ್ನೋ ಮಾತಿಗೆ ದೊಡ್ಡ ಇತಿಹಾಸ ಇದೆ. 1880ರಲ್ಲಿ ಇಟಲಿಯ ಮಿಲಾನಲ್ಲಿ ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ಸಮ್ಮೇಳನ ಆಯ್ತು, ಬಂದಿದ್ದೋರಲ್ಲಿ ಹೆಚ್ಚು ಕಮ್ಮಿ ಎಲ್ಲರೂ ಕಿವಿ ಕೇಳೋ ಜನ, ಅವ್ರು ಕೂತು ಶಾಲೆಲಿ ಸನ್ನೆ ಭಾಷೆ ಬೇಡ, ಬಾಯಿಮಾತೇ ಸಾಕು ಅಂತ ನಿರ್ಣಯ ಮಾಡಿದ್ರು. ಅದಾದ್ಮೇಲೆ ಎಷ್ಟೋ ದೇಶಗಳಲ್ಲಿ ಕಿವುಡ ಟೀಚರ್‌ಗಳ ಕೆಲಸ ಹೋಯ್ತು, ಮಕ್ಕಳು ಕೈ ಆಡಿಸಿದ್ರೆ ಶಿಕ್ಷೆ. ಅದೇ ಸಮ್ಮೇಳನದ ಪರಂಪರೆಯವ್ರೇ 2010ರಲ್ಲಿ ಕೆನಡಾದ ವ್ಯಾಂಕೂವರಲ್ಲಿ ಆ ನಿರ್ಣಯನ ತಿರಸ್ಕರಿಸಿ ವಿಷಾದ ಹೇಳಿದ್ರು, 130 ವರ್ಷ ಆದ್ಮೇಲೆ! ವಿಶ್ವಸಂಸ್ಥೆ ಒಪ್ಪಂದದ 24ನೇ ಕಲಮಲ್ಲೇ ಸನ್ನೆ ಭಾಷೆ ಕಲಿಕೆಗೆ, ಕಿವುಡ ಸಮುದಾಯದ ಭಾಷಾ ಗುರುತಿಗೆ ಜಾಗ ಕೊಟ್ಟಿದಾರೆ. ನಮ್ಮಲ್ಲಿ ಭಾರತೀಯ ಸನ್ನೆ ಭಾಷೆಗೇ ಅಂತ 2015ರಲ್ಲಿ ದೆಹಲಿಲಿ ಒಂದು ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಗಿದೆ.

ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟೋದು ಕಿವಿ ಕೇಳೋ ಮನೇಲೇ, ನಿಮ್ಮ ಹಾಗೆ. ಅದಕ್ಕೆ ಮನೇಲಿ ಆ ಮಗುಗೆ ಪೂರ್ತಿ ಒಂದು ಭಾಷೆ ಸಿಗೋದು ತಡ ಆಗುತ್ತೆ, ದೊಡ್ಡ ನಷ್ಟ ಅಲ್ಲೇ. ಹಿಯರಿಂಗ್ ಏಡೋ ಕಾಕ್ಲಿಯರ್ ಇಂಪ್ಲಾಂಟೋ (ಆಪರೇಷನ್ ಮಾಡಿ ಕಿವಿಯೊಳಗೆ ಇಡೋ ಸಾಧನ) ಇರಲಿ, ಸ್ಪೀಚ್ ಥೆರಪಿ ನಡೀಲಿ, ಅದರ ಜೊತೆ ಸನ್ನೆ ಭಾಷೆನೂ ಇರಲಿ, ನೀವೂ ಕಲೀರಿ, ಅಜ್ಜಿ ತಾತನೂ ಕಲೀಲಿ. ಶಾಲೆ ಆರಿಸೋವಾಗ ರೆಗ್ಯುಲರಾ ಸ್ಪೆಷಲ್ಲಾ ಅನ್ನೋ ಬೋರ್ಡ್ ನೋಡ್ಬೇಡಿ. ಅಲ್ಲಿ ಇನ್ನೂ ಕಿವುಡ ಮಕ್ಕಳಿದಾರಾ, ಸನ್ನೆ ಸರಾಗವಾಗಿ ಬರೋ ದೊಡ್ಡವ್ರು ಯಾರಾದ್ರೂ ಇದಾರಾ, ನಿಜವಾದ ಸಿಲಬಸ್ ಪಾಠ ನಡೆಯುತ್ತಾ ಇಲ್ಲ ಬರೀ ಬಣ್ಣ ಹಚ್ಚಿಸಿ ಕಳಿಸ್ತಾರಾ, ಊಟದ ಹೊತ್ತಲ್ಲಿ ಅವಳ ಜೊತೆ ಹರಟೋರು ಯಾರು, ಇದನ್ನ ನೋಡಿ. ಒಂದು ದಿನ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಳಿ. ಮಕ್ಕಳು ನಗ್ತಿದ್ರೆ, ಜಗಳ ಆಡ್ತಿದ್ರೆ, ಟೀಚರ್ ಹತ್ರ ಎದುರು ಪ್ರಶ್ನೆ ಕೇಳ್ತಿದ್ರೆ ಅಲ್ಲಿ ಭಾಷೆ ಇದೆ ಅಂತ ಲೆಕ್ಕ.

ಪ್ರಶ್ನೆ: ಮಗನ ತೊಂದರೆ ಬಗ್ಗೆ ಕ್ಲಾಸಿನ ಮಕ್ಕಳಿಗೆ ಹೇಳಬೇಕಾ, ಬೇಡ್ವಾ?

ಉತ್ತರ: ಅವನನ್ನೇ ಕೇಳಿ. ಹೇಳು ಅಂದ್ರೆ ಏನು ಹೇಳಬೇಕು, ಯಾರು ಹೇಳಬೇಕು, ತಾನು ಅಲ್ಲಿರಬೇಕಾ ಬೇಡ್ವಾ ಅಂತಾನೂ ಅವನೇ ಹೇಳ್ಲಿ. ಬೇಡ ಅಂದ್ರೆ ಬೇಡ. ಮಾರ್ನಿಂಗ್ ಅಸೆಂಬ್ಲಿಲಿ ನಿಲ್ಸಿ "ಇವನಿಗೆ ಎಲ್ಲರೂ ಸಹಾಯ ಮಾಡಿ ಮಕ್ಕಳೇ" ಅನ್ನೋದಂತೂ ದಯವಿಟ್ಟು ಬೇಡ.

ಪ್ರಶ್ನೆ: ನಾನು 15 ವರ್ಷದ ಹುಡುಗಿ, ವೀಲ್‌ಚೇರ್ ಬಳಸ್ತೀನಿ. ಮೀಟಿಂಗ್ ಅಂದ್ರೆ ಸರ್ ಅಪ್ಪ ಅಮ್ಮನ ಹತ್ರ ಮಾತಾಡ್ತಾರೆ, ನಾನು ಪಕ್ಕದಲ್ಲೇ ಇರ್ತೀನಿ. ಸೈನ್ಸ್ ಲ್ಯಾಬ್ ಮೇಲಿನ ಫ್ಲೋರಲ್ಲಿ, ಅದಕ್ಕೆ ಪ್ರಾಕ್ಟಿಕಲ್ ಟೈಮಲ್ಲಿ ಲೈಬ್ರರಿಲಿ ಕೂರು ಅಂತಾರೆ. ಸ್ಕೂಲ್ ಟ್ರಿಪ್‌ಗೂ ಕರ್ಕೊಂಡು ಹೋಗಲ್ಲ, "ನಿನ್ನ ಸೇಫ್ಟಿಗೇ ಹೇಳ್ತಿರೋದು" ಅಂತಾರೆ. ಅಮ್ಮ ಹೇಳ್ತಾರೆ ಇಷ್ಟಾದ್ರೂ ಮಾಡ್ತಿದಾರಲ್ಲ, ಸುಮ್ನಿರು ಅಂತ. ಸುಮ್ನಿರಬೇಕಾ?

ಉತ್ತರ: ಬೇಡ ಪುಟ್ಟಿ. ಅಮ್ಮನ ಮೇಲೆ ಸಿಟ್ಟು ಮಾಡ್ಕೋಬೇಡ, ನಿನ್ನ ಸೀಟಿಗೆ ಅವ್ರು ಎಷ್ಟು ಕಡೆ ಕೈ ಮುಗಿದಿದಾರೋ, ಅದು ತಪ್ಪಿಹೋದ್ರೆ ಅನ್ನೋ ಹೆದರಿಕೆ ಅವ್ರಿಗೆ. ಆದ್ರೆ ನೀನು ಕೇಳ್ತಿರೋದು ಉಪಕಾರ ಅಲ್ಲ. ವಿಶ್ವಸಂಸ್ಥೆ ಒಪ್ಪಂದದ 7ನೇ ಕಲಮು, ವಿಕಲಚೇತನ ಮಕ್ಕಳಿಗೆ ತಮಗೆ ಸಂಬಂಧಪಟ್ಟ ವಿಷಯದಲ್ಲಿ ತಮ್ಮ ಅಭಿಪ್ರಾಯ ಹೇಳೋ ಹಕ್ಕಿದೆ, ವಯಸ್ಸಿಗೆ ತಕ್ಕ ಹಾಗೆ ಅದಕ್ಕೆ ಬೆಲೆ ಕೊಡಬೇಕು ಅನ್ನುತ್ತೆ.

ಸೇಫ್ಟಿ ಅಂತ ಹೇಳಿದ್ರಲ್ಲ, ಅಮೆರಿಕದ ಜೂಡಿ ಹ್ಯೂಮನ್ ಅನ್ನೋರಿಗೂ ಚಿಕ್ಕವಳಿದ್ದಾಗ ಹಾಗೇ ಹೇಳಿದ್ರು. ಪೋಲಿಯೋ ಆಗಿ ವೀಲ್‌ಚೇರಲ್ಲಿದ್ರು, 5 ವರ್ಷಕ್ಕೆ ಶಾಲೆಗೆ ಹೋದ್ರೆ, ಬೆಂಕಿ ಬಿದ್ರೆ ನಿನ್ನಿಂದ ಅಪಾಯ ಅಂತ ವಾಪಸ್ ಕಳಿಸಿದ್ರು. ದೊಡ್ಡವ್ರಾಗಿ ಟೀಚರ್ ಆಗೋಕೆ ಹೋದ್ರೆ 1970ರಲ್ಲಿ ನ್ಯೂಯಾರ್ಕಲ್ಲಿ ಲೈಸೆನ್ಸ್ ಕೊಡಲಿಲ್ಲ, ಬೆಂಕಿ ಬಿದ್ರೆ ಮಕ್ಕಳನ್ನ ಹೇಗೆ ಹೊರಗೆ ಕರ್ಕೊಂಡು ಹೋಗ್ತೀಯ ಅಂತ ಅದೇ ಹಳೇ ರಾಗ. ಕೇಸ್ ಹಾಕಿ ಲೈಸೆನ್ಸ್ ತಗೊಂಡ್ರು, ಪಾಠ ಮಾಡಿದ್ರು. 1977ರಲ್ಲಿ ಅವ್ರೂ ಇನ್ನೂ ನೂರಕ್ಕೂ ಹೆಚ್ಚು ಜನನೂ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸರ್ಕಾರಿ ಬಿಲ್ಡಿಂಗ್ ಒಳಗೆ ಮೂರು ವಾರಕ್ಕೂ ಮೀರಿ ಕೂತುಬಿಟ್ರು, ವಿಕಲಚೇತನರಿಗೆ ಭೇದ ಮಾಡಬಾರದು ಅನ್ನೋ ನಿಯಮಗಳಿಗೆ ಸೈನ್ ಬೀಳೋವರೆಗೂ. ನಿನಗೆ ಧರಣಿ ಕೂರು ಅಂತ ಹೇಳ್ತಿಲ್ಲ, ಪರೀಕ್ಷೆ ಹತ್ರ ಇದೆ!

ನೀನು ಮಾಡಬೇಕಾಗಿದ್ದು ಇಷ್ಟು. ಮುಂದಿನ ಮೀಟಿಂಗಿಗೆ ಮುಂಚೆ ಅಪ್ಪ ಅಮ್ಮನ ಹತ್ರ ಒಂದು ಒಪ್ಪಂದ ಮಾಡ್ಕೋ, ಸರ್ ಅವ್ರ ಹತ್ರ ಪ್ರಶ್ನೆ ಕೇಳಿದ್ರೆ "ಅವಳನ್ನೇ ಕೇಳಿ ಸರ್" ಅಂತ ನಿನ್ನ ಕಡೆ ತಿರುಗಬೇಕು, ಅಷ್ಟೇ ಅವ್ರ ಕೆಲಸ. ಮೊದಲ ಎರಡು ಸಲ ಎಲ್ಲರಿಗೂ ಇರುಸುಮುರುಸು ಆಗುತ್ತೆ, ಆಗ್ಲಿ. ಹೇಳಬೇಕಾಗಿದ್ದನ್ನ ಒಂದು ಚೀಟಿಲಿ ಬರ್ಕೊಂಡು ಹೋಗು, ಗಂಟಲು ಕಟ್ಟಿದ್ರೆ ಚೀಟಿನೇ ಕೊಟ್ಬಿಡು.

ಲ್ಯಾಬ್ ವಿಷಯಕ್ಕೆ ಲಿಫ್ಟ್ ಕೇಳೋಕೆ ಹೋದ್ರೆ ಬಜೆಟ್ ಇಲ್ಲ ಅಂತಾರೆ, ವರ್ಷ ಕಳೆಯುತ್ತೆ. ಲಿಫ್ಟನ್ನೂ ಬರವಣಿಗೆಲಿ ಕೇಳಿಡು, ಅದರ ಜೊತೆ ಈ ಟರ್ಮಿಗೆ ಅಂತ ಇನ್ನೊಂದು ಕೇಳು, ನಿಮ್ಮ ಸೆಕ್ಷನ್ ಪ್ರಾಕ್ಟಿಕಲ್ ಕೆಳಗಿನ ಒಂದು ರೂಮಲ್ಲಿ ಮಾಡೋಕೆ. ಸಾಮಾನು ಕೆಳಗೆ ಬರಬಹುದಲ್ಲ, ನೀನೇ ಯಾಕೆ ಲೈಬ್ರರಿಗೆ ಹೋಗಬೇಕು? ಟೇಬಲ್ ಎತ್ತರ ನಿನ್ನ ಮೊಣಕಾಲು ಒಳಗೆ ಹೋಗೋ ಹಾಗೆ ಇರಬೇಕು ಅಂತ ಸೇರಿಸು. ರ‍್ಯಾಂಪ್ ಕಟ್ತೀವಿ ಅಂದ್ರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಅಂತ ಈಗಲೇ ಹೇಳು, ಇಲ್ಲಾಂದ್ರೆ ಕಡಿದಾಗಿ ಒಂದು ಇಳಿಜಾರು ಮಾಡಿ ಉದ್ಘಾಟನೆ ಮಾಡಿಬಿಡ್ತಾರೆ, ಅದರಲ್ಲಿ ನೀನೂ ಹತ್ತೋಕಾಗಲ್ಲ ನಿನ್ನ ತಳ್ಳೋರೂ ಹತ್ತೋಕಾಗಲ್ಲ.

ಇನ್ನು ಟ್ರಿಪ್. ಜಾಗ ಫಿಕ್ಸ್ ಆಗಿ ಬಸ್ ಬುಕ್ ಆದ್ಮೇಲೆ ಕೇಳಿದ್ರೆ ಈ ಸಲ ಆಗಲ್ಲ ಅಂತ ಸುಲಭವಾಗಿ ಹೇಳ್ತಾರೆ. ವರ್ಷದ ಶುರುವಲ್ಲೇ, ಜಾಗ ಆರಿಸೋ ಕಮಿಟಿಲಿ ಸ್ಟೂಡೆಂಟ್ಸ್ ಇದ್ರೆ ನಿನ್ನ ಹೆಸರು ಕೊಡು. ಹೋಗೋ ಕಡೆ ಟಾಯ್ಲೆಟ್ ಬಾಗಿಲು ಎಷ್ಟು ಅಗಲ, ಮೆಟ್ಟಿಲು ಎಷ್ಟು, ಬಸ್ ಹತ್ತೋದು ಹೇಗೆ, ಈ ಮೂರನ್ನ ಫೋನ್ ಮಾಡಿ ವಿಚಾರಿಸೋ ಕೆಲಸ ನಿನಗೂ ನಿನ್ನ ಫ್ರೆಂಡ್ಸಿಗೂ ಬರುತ್ತೆ. ಕರ್ಕೊಂಡು ಹೋಗಲ್ಲ ಅಂದ್ರೆ ಕಾರಣ ಬರವಣಿಗೆಲಿ ಕೊಡಿ ಅಂತ ಕೇಳು, ಆ ಕಾಗದನ ಇಟ್ಕೊಂಡು ನನಗೆ ಇನ್ನೊಂದು ಪತ್ರ ಬರಿ, ಆಯುಕ್ತರಿಗೆ ಅರ್ಜಿ ಹೇಗೆ ಬರೆಯೋದು ಅಂತ ಆಗ ಇಬ್ಬರೂ ಸೇರಿ ನೋಡೋಣ.